ಕನ್ನಡ ಮಾಧ್ಯಮ ಶಾಲೆಯ ಆಡಳಿತ: ನಾಗಲದಿನ್ನೆ, ಆದೋನಿ ಸೀಮೆಯ ಪೋಷಕರಿಗೊಂದು ಕೈಪಿಡಿ

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಆಂಧ್ರಪ್ರದೇಶದ ಶಾಲಾ ಶಿಕ್ಷಣ ಇಲಾಖೆಯ ಅಧೀನದಲ್ಲಿ ನಡೆಯುತ್ತವೆ. ಕಟ್ಟಡ, ಸಂಬಳ, ಪಠ್ಯಪುಸ್ತಕ, ಪರೀಕ್ಷೆ ಎಲ್ಲವೂ ಆ ರಾಜ್ಯದವು. ತರಗತಿಯ ನುಡಿ ಮಾತ್ರ ಕನ್ನಡ. ಈ ಶಾಲೆಗಳು ಯಾರ ಆಡಳಿತಕ್ಕೆ ಒಳಪಟ್ಟಿವೆ, ಕನ್ನಡ ಶಿಕ್ಷಕರ ಹುದ್ದೆ ಹೇಗೆ ಹುಟ್ಟುತ್ತದೆ ಮತ್ತು ಹೇಗೆ ಇಲ್ಲವಾಗುತ್ತದೆ, ಶಾಲೆಯ ಸಾಧನೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು, ಪೋಷಕರ ಕೈಯಲ್ಲಿರುವ ಅಧಿಕಾರ ಎಷ್ಟು ಎಂಬ ವಿಷಯಗಳನ್ನು ಒಂದೆಡೆ ಸಂಗ್ರಹಿಸಿ ಕೊಡುವುದು ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕನ್ನಡ ತರಗತಿಯೊಂದು ನಿಲ್ಲಲು ಮುಚ್ಚುವ ಆದೇಶವೇ ಹೊರಡಬೇಕೆಂದಿಲ್ಲ. ದಾಖಲೆಯಲ್ಲಿ ಕನ್ನಡದ ಮಕ್ಕಳ ಸಂಖ್ಯೆ ಇಳಿದರೆ ಸಾಕು, ಹುದ್ದೆ ಇಳಿಯುತ್ತದೆ. ಹುದ್ದೆ ಇಳಿದರೆ ತರಗತಿ ತಾನಾಗಿ ನಿಲ್ಲುತ್ತದೆ. ಆದ್ದರಿಂದ ಜೂನ್ ತಿಂಗಳಿನಲ್ಲಿ ಪೋಷಕರು ಸಹಿ ಮಾಡುವ ಪ್ರವೇಶ ಪತ್ರವೇ ಈ ಸಮಗ್ರ ವ್ಯವಸ್ಥೆಯ ಬುನಾದಿ. ಮುಂದಿನ ವಿವರಗಳೆಲ್ಲ ಆ ಒಂದು ಸಹಿಯ ಸುತ್ತಲೇ ನಿಂತಿವೆ.

ಗಡಿ ಬಂದ ಬಗೆ

ನಾಗಲದಿನ್ನೆ ತುಂಗಭದ್ರೆಯ ಬಲದಂಡೆಯ ಊರು. ಇಂದಿನ ಲೆಕ್ಕದಲ್ಲಿ ಅದು ಕರ್ನೂಲು ಜಿಲ್ಲೆಯ ಆದೋನಿ ಕಂದಾಯ ವಿಭಾಗದ ನಂದವರ ಮಂಡಲಕ್ಕೆ ಸೇರಿದೆ. ಹಳೆಯ ಲೆಕ್ಕದಲ್ಲಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ಆದೋನಿ ತಾಲೂಕಿನ ಒಂದು ಅಂಚು. ಹೊಳೆಯಾಚೆಯ ದಡ 1956ರವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿತ್ತು. ಆಲಂಪುರ ಮತ್ತು ಗದ್ವಾಲ ತಾಲೂಕುಗಳು ಅಂದು ಮಹಬೂಬನಗರಕ್ಕೆ ಹೋದವು, ಇಂದು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿವೆ. ಊರು ಕದಲಲಿಲ್ಲ, ಹೊಳೆಯೂ ಕದಲಲಿಲ್ಲ. ಎರಡೂ ದಡಗಳ ಆಡಳಿತ ಮಾತ್ರ ಬದಲಾಯಿತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಮೊದಲಾದವು ಮೈಸೂರಿಗೆ ಬಂದವು. ಆದೋನಿ, ಆಲೂರುಗಳನ್ನು ಕರ್ನೂಲು ಜಿಲ್ಲೆಗೂ ರಾಯದುರ್ಗವನ್ನು ಅನಂತಪುರ ಜಿಲ್ಲೆಗೂ ಸೇರಿಸಲಾಯಿತು. 1985ರಲ್ಲಿ ತಾಲೂಕುಗಳ ಬದಲಿಗೆ ಮಂಡಲಗಳು ಬಂದವು. ಹೀಗೆ ಹಳೆಯ ಎರಡು ತಾಲೂಕುಗಳು ಆದೋನಿ, ಎಮ್ಮಿಗನೂರು, ಕೌತಾಳಂ, ಕೋಸಿಗಿ, ಮಂತ್ರಾಲಯ, ನಂದವರ, ಹೊಳಗುಂದ, ಆಲೂರು, ಹಾಲಹರವಿ, ಚಿಪ್ಪಗಿರಿ ಮೊದಲಾದ ಮಂಡಲಗಳಾಗಿ ಹರಿದು ಹಂಚಿಹೋದವು. 2022ರ ಏಪ್ರಿಲ್ 4ರಂದು ಜಿಲ್ಲೆಯೂ ಒಡೆದು ನಂದ್ಯಾಲ ಬೇರೆಯಾಯಿತು. ಹಳೆಯ ಆಲೂರು ತಾಲೂಕಿನ ಹೆಚ್ಚಿನ ಮಂಡಲಗಳು ಪತ್ತಿಕೊಂಡ ಕಂದಾಯ ವಿಭಾಗಕ್ಕೆ ಸೇರಿದವು.

ಈ ಇತಿಹಾಸವನ್ನು ಹೇಳುವುದು ಹಳೆಯ ನೋವನ್ನು ಕೆದಕಲಿಕ್ಕಲ್ಲ. ಅರ್ಜಿಯನ್ನು ಯಾವ ಕಚೇರಿಗೆ ಕೊಡಬೇಕೆಂಬುದು ಮಂಡಲದಿಂದ ನಿರ್ಧಾರವಾಗುತ್ತದೆ; ಗಡಿನಾಡ ಕನ್ನಡಿಗನೆಂಬ ಸೌಲಭ್ಯವಾದರೋ ಹಳೆಯ ತಾಲೂಕಿನ ಹೆಸರಿನಿಂದ ದೊರೆಯುತ್ತದೆ. ಎರಡನ್ನೂ ತಿಳಿದ ಕುಟುಂಬಕ್ಕೆ ಅಲೆದಾಟ ಕಡಿಮೆ.

ಶಾಲೆ ಯಾರದು

ನಮ್ಮ ಸೀಮೆಯ ಸಾರ್ವಜನಿಕ ಶಾಲೆಗಳು ಒಂದೇ ಒಡೆತನದವಲ್ಲ. ಹಳ್ಳಿಯ ಪ್ರಾಥಮಿಕ ಮತ್ತು ಹಿರಿಯ ಪ್ರಾಥಮಿಕ ಶಾಲೆಗಳು ಸಾಮಾನ್ಯವಾಗಿ ಮಂಡಲ ಪರಿಷತ್ತಿಗೆ ಸೇರಿದವು. ಪ್ರೌಢಶಾಲೆಗಳಲ್ಲಿ ಹೆಚ್ಚಿನವು ಜಿಲ್ಲಾ ಪರಿಷತ್ತಿನವು. ಆದೋನಿ, ಎಮ್ಮಿಗನೂರು ಪಟ್ಟಣಗಳಲ್ಲಿ ಪುರಸಭೆಯ ಶಾಲೆಗಳೂ ಇವೆ. ಶಾಲೆಯ ಫಲಕದ ಮೇಲೆ ಬರೆದಿರುವ ಈ ಹೆಸರನ್ನು ಪೋಷಕರು ಗಮನಿಸಬೇಕು. ಶಿಕ್ಷಕರ ಹುದ್ದೆಯನ್ನು ಎಣಿಸುವುದು ಆ ಆಡಳಿತ ವರ್ಗದ ಪಟ್ಟಿಯಲ್ಲಿ.

ಒಡೆತನ ಬೇರೆ ಬೇರೆಯಾದರೂ ಮೇಲ್ವಿಚಾರಣೆ ಶಿಕ್ಷಣ ಇಲಾಖೆಯದು. ಮುಖ್ಯೋಪಾಧ್ಯಾಯರ ಮೇಲೆ ಮಂಡಲ ಶಿಕ್ಷಣಾಧಿಕಾರಿ, ಅಂದರೆ ಎಂಇಒ. ಅವರ ಮೇಲೆ ಉಪ ಶಿಕ್ಷಣಾಧಿಕಾರಿ. ಜಿಲ್ಲೆಯ ಮಟ್ಟದಲ್ಲಿ ಜಿಲ್ಲಾ ಶಿಕ್ಷಣಾಧಿಕಾರಿ, ಅಂದರೆ ಡಿಇಒ. ರಾಜ್ಯದ ಮಟ್ಟದಲ್ಲಿ ಶಾಲಾ ಶಿಕ್ಷಣ ನಿರ್ದೇಶಕರು. ಕಟ್ಟಡ, ತರಬೇತಿ, ವಲಸೆ ಮಕ್ಕಳ ಹಂಗಾಮಿ ವಸತಿಯಂತಹ ಬಾಬುಗಳಿಗೆ ಸಮಗ್ರ ಶಿಕ್ಷಾ ಯೋಜನೆಯ ಜಿಲ್ಲಾ ಕಚೇರಿ ಇದೆ. ನಾಗಲದಿನ್ನೆಯ ಪೋಷಕರೊಬ್ಬರು ಶಿಕ್ಷಕರ ಕೊರತೆಯ ಬಗ್ಗೆ ಅರ್ಜಿ ಬರೆದರೆ ಅದು ಮುಖ್ಯೋಪಾಧ್ಯಾಯರಿಂದ ನಂದವರದ ಎಂಇಒ ಅವರಿಗೆ, ಅಲ್ಲಿಂದ ಕರ್ನೂಲಿನ ಡಿಇಒ ಅವರಿಗೆ ಏರಬೇಕು. ಹುದ್ದೆ ಮಂಜೂರು ಮಾಡುವ ಅಧಿಕಾರ ಮುಖ್ಯೋಪಾಧ್ಯಾಯರಿಗಾಗಲಿ ಎಂಇಒ ಅವರಿಗಾಗಲಿ ಇಲ್ಲ. ಅವರು ವರದಿ ಕಳುಹಿಸಬಲ್ಲರು. ಆ ವರದಿ ಹೋಯಿತೇ ಇಲ್ಲವೇ ಎಂಬುದನ್ನು ನಾವು ಕೇಳಬಲ್ಲೆವು.

ಈ ಏಣಿಯಲ್ಲಿ ಪೋಷಕರಿಗೆ ಸೇರಿದ ಒಂದು ಮೆಟ್ಟಿಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ವಿಧಿಯಂತೆ ಪ್ರತಿ ಸರ್ಕಾರಿ ಶಾಲೆಗೂ ಶಾಲಾ ನಿರ್ವಹಣಾ ಸಮಿತಿ ಇರಲೇಬೇಕು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. 22ನೆಯ ವಿಧಿಯಂತೆ ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಈ ಸಮಿತಿಯ ಕೆಲಸ. ಕನ್ನಡ ಶಿಕ್ಷಕರು ಬೇಕೆಂಬ ಬೇಡಿಕೆ ಆ ಯೋಜನೆಯ ಪುಟದಲ್ಲಿ ಬರೆದಿದ್ದರೆ ಅದು ಶಾಲೆಯ ಅಧಿಕೃತ ಮಾತು. ಸಭೆಯಲ್ಲಿ ಬಾಯಿಮಾತಾಗಿ ಹೇಳಿ ಎದ್ದುಬಂದರೆ ಅದು ಯಾವ ಕಡತದಲ್ಲೂ ಉಳಿಯುವುದಿಲ್ಲ.

ಕನ್ನಡ ಮಾಧ್ಯಮದ ಆಧಾರ

ಅನ್ಯಭಾಷಿಕ ರಾಜ್ಯದಲ್ಲಿ ಕನ್ನಡದಲ್ಲಿ ಕಲಿಸಿರೆಂದು ಕೇಳುವುದು ಕೃಪೆಯ ಬೇಡಿಕೆಯಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಹೇಳುತ್ತದೆ. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆ 1957ರಲ್ಲಿ ಆರಂಭವಾಯಿತು. ಆಯುಕ್ತರ ವರದಿ ರಾಷ್ಟ್ರಪತಿಗಳಿಗೆ ಸಲ್ಲುತ್ತದೆ, ಸಂಸತ್ತಿನ ಮುಂದೆ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ವಿಧಿಯೂ ಸಾಧ್ಯವಾದಷ್ಟು ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿ ನಡೆಯಬೇಕೆಂದು ಹೇಳಿದೆ.

ಸಂಖ್ಯೆಯ ನಿಯಮ ಇವೆಲ್ಲಕ್ಕಿಂತ ಹಳೆಯದು. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿದ ಸೂತ್ರದಂತೆ, ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಒಂದು ಅಲ್ಪಸಂಖ್ಯಾತ ಭಾಷೆಯವರಾಗಿದ್ದರೆ ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸಬೇಕು. ಪ್ರೌಢ ಹಂತಕ್ಕೆ 1961ರ ಮುಖ್ಯಮಂತ್ರಿಗಳ ಸಮ್ಮೇಳನ ಒಪ್ಪಿದ ಸಂಖ್ಯೆ ತರಗತಿಗೆ 15, ಕೊನೆಯ ನಾಲ್ಕು ತರಗತಿಗಳಿಗೆ ಒಟ್ಟು 60. ರಾಜ್ಯಗಳು ಒಪ್ಪಿಕೊಂಡ ಸುರಕ್ಷಾ ಕ್ರಮಗಳೆಂದೇ ಇವುಗಳನ್ನು ಆಯುಕ್ತರ ವರದಿಗಳು ಇಂದಿಗೂ ಎಣಿಸುತ್ತವೆ.

ಅದೇ 1949ರ ನಿರ್ಣಯದಲ್ಲಿ ಇನ್ನೊಂದು ಅಂಶವಿದೆ. ಅದನ್ನು ನಮ್ಮ ಪೋಷಕರಲ್ಲಿ ಬಹಳ ಮಂದಿ ಅರಿಯರು. ಮಗುವಿನ ಮಾತೃಭಾಷೆ ಯಾವುದೆಂಬುದನ್ನು ತಂದೆತಾಯಿ ಅಥವಾ ಪಾಲಕರು ಘೋಷಿಸಿದಂತೆಯೇ ಒಪ್ಪಬೇಕು. ಊರಿನ ಅಂದಾಜಿನಿಂದಲ್ಲ, ಜಾತಿಯ ಹೆಸರಿನಿಂದಲ್ಲ, ಶಿಕ್ಷಕರ ಊಹೆಯಿಂದಲೂ ಅಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಎರಡೂ ಆಗಿರುವ ನಮ್ಮ ಸೀಮೆಯಲ್ಲಿ ಮಾತೃಭಾಷೆಯ ಕಂಡಿಕೆಯನ್ನು ಬೇರೆಯವರು ತುಂಬಿದರೆ ಅಭ್ಯಾಸಬಲದಿಂದ ತೆಲುಗು ಎಂದು ಬೀಳುತ್ತದೆ. ಅಲ್ಲಿ ಯಾರ ದ್ವೇಷವೂ ಇರಬೇಕಾಗಿಲ್ಲ. ಆದರೆ ಪರಿಣಾಮ ಒಂದೇ: ಮನೆಯಲ್ಲಿ ಇರುವ ಕನ್ನಡ ಲೆಕ್ಕದಲ್ಲಿ ಇರುವುದಿಲ್ಲ.

ಎರಡು ಲೆಕ್ಕಗಳ ನಡುವೆ

ಶಿಕ್ಷಣ ಹಕ್ಕು ಕಾಯ್ದೆ ತಲೆಯನ್ನು ಎಣಿಸುತ್ತದೆ, ನುಡಿಯನ್ನು ಎಣಿಸುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು, 120ರವರೆಗೆ ನಾಲ್ವರು ಎಂಬುದು ಅದರ ಅನುಸೂಚಿ. ಉದಾಹರಣೆಗೆ ಒಂದು ಶಾಲೆಯನ್ನು ಊಹಿಸಿಕೊಳ್ಳೋಣ. ಅಲ್ಲಿ 60 ಮಕ್ಕಳು. 41 ಮಂದಿ ಕನ್ನಡದವರು, 19 ಮಂದಿ ತೆಲುಗಿನವರು. ಇಬ್ಬರು ಶಿಕ್ಷಕರು ಇರಬೇಕು. ಇಬ್ಬರೂ ತೆಲುಗು ಮಾಧ್ಯಮದವರಾಗಿ ಬಂದರೂ ಕಾಯ್ದೆಯ ಲೆಕ್ಕ ಸರಿಹೋಗುತ್ತದೆ. ಪಟ್ಟಿಯಲ್ಲಿ ಕೊರತೆ ಶೂನ್ಯ. ಆದರೆ 41 ಮಕ್ಕಳಿಗೆ ಓದು ಕಲಿಸುವವರಿಲ್ಲ. ಆ ಕೊರತೆಯನ್ನು ಕಾಣಿಸುವುದು 40ರ ನಿಯಮ ಮಾತ್ರ.

ಅದೇ ಶಾಲೆಯಿಂದ ಒಂದು ಮನೆಯ ಇಬ್ಬರು ಮಕ್ಕಳು ಹೊರಟರೆ ಕನ್ನಡದ ಸಂಖ್ಯೆ 39ಕ್ಕೆ ಇಳಿಯುತ್ತದೆ. ಯಾವುದಾದರೂ ಒಂದು ತರಗತಿಯಲ್ಲಿ 10 ಮಂದಿ ಇದ್ದರೆ ಹಕ್ಕು ಇನ್ನೂ ಉಳಿಯುತ್ತದೆ. ಮಕ್ಕಳು ಐದು ತರಗತಿಗಳಲ್ಲಿ ಏಳೆಂಟರಂತೆ ಹರಡಿದ್ದರೆ ಉಳಿಯುವುದಿಲ್ಲ. ಒಂದು ಮನೆಯ ನಿರ್ಧಾರ ಉಳಿದ 39 ಮಕ್ಕಳ ತರಗತಿಯನ್ನು ಮುಟ್ಟುವುದು ಹೀಗೆ. ಆದ್ದರಿಂದ ಒಂದನೆಯ ತರಗತಿಗೆ ಒಂದೇ ಶಾಲೆಯಲ್ಲಿ ಹತ್ತು ಹೆಸರು ಸೇರುವಂತೆ ನೆರೆಯ ಮನೆಗಳು ಕೂಡಿ ಯೋಚಿಸುವುದು ಬುದ್ಧಿವಂತಿಕೆ.

ಇಂದು ಎಲ್ಲ ಲೆಕ್ಕಗಳೂ ಸೇರುವ ಸ್ಥಳ ಯುಡೈಸ್ ಪ್ಲಸ್ ಎಂಬ ರಾಷ್ಟ್ರೀಯ ದತ್ತಾಂಶ. ಅದರಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಮಾತೃಭಾಷೆಯ ಕಂಡಿಕೆ ಒಂದು, ಬೋಧನಾ ಮಾಧ್ಯಮದ ಕಂಡಿಕೆ ಇನ್ನೊಂದು ಇರುತ್ತದೆ. ಎರಡರಲ್ಲೂ ಕನ್ನಡವೆಂದು ದಾಖಲಾಗಿದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ ನೋಡುವುದು ಪೋಷಕರ ಹಕ್ಕು.

ಶಿಕ್ಷಕರ ಹುದ್ದೆ: ಹುಟ್ಟು ಮತ್ತು ಅಳಿವು

ಆಂಧ್ರದಲ್ಲಿ ಪ್ರಾಥಮಿಕ ಶಿಕ್ಷಕರನ್ನು ಸೆಕೆಂಡರಿ ಗ್ರೇಡ್ ಟೀಚರ್ ಎಂದೂ ಪ್ರೌಢ ಹಂತದ ವಿಷಯ ಶಿಕ್ಷಕರನ್ನು ಸ್ಕೂಲ್ ಅಸಿಸ್ಟೆಂಟ್ ಎಂದೂ ಕರೆಯುತ್ತಾರೆ. ಅರ್ಹತೆಗೆ ಟೆಟ್ ಪರೀಕ್ಷೆ, ನೇಮಕಕ್ಕೆ ಡಿಎಸ್‌ಸಿ ಪರೀಕ್ಷೆ. ಟೆಟ್‌ನಲ್ಲಿ ಮೊದಲ ಭಾಷೆಯಾಗಿ ಕನ್ನಡವನ್ನು ಆಯ್ದುಕೊಳ್ಳಬಹುದು. ಡಿಎಸ್‌ಸಿಯಲ್ಲಿ ಹುದ್ದೆಗಳನ್ನು ಜಿಲ್ಲೆ, ಆಡಳಿತ ವರ್ಗ, ವಿಷಯ ಮತ್ತು ಮಾಧ್ಯಮದ ಪ್ರಕಾರ ವಿಂಗಡಿಸಿ ಪ್ರಕಟಿಸುತ್ತಾರೆ. 2025ರ ಮೆಗಾ ಡಿಎಸ್‌ಸಿಯಲ್ಲಿ ಪ್ರಕಟವಾದ ಹುದ್ದೆಗಳು 16,347; ಅವುಗಳಲ್ಲಿ 2,645 ಅವಿಭಜಿತ ಕರ್ನೂಲು ಜಿಲ್ಲೆಗೆ. ಬೇರಾವ ಜಿಲ್ಲೆಗೂ ಅಷ್ಟು ಹುದ್ದೆ ಇರಲಿಲ್ಲ. ಇದನ್ನು ಉದಾರತೆಯ ಗುರುತೆಂದು ಓದುವುದಕ್ಕಿಂತ ನಮ್ಮ ಜಿಲ್ಲೆಯಲ್ಲಿ ಖಾಲಿ ಕುರ್ಚಿಗಳು ಎಷ್ಟು ಕೂಡಿಕೊಂಡಿದ್ದವು ಎಂಬುದರ ಗುರುತೆಂದು ಓದುವುದು ಸರಿ.

ಕನ್ನಡದ ಹುದ್ದೆ ತುಂಬದಿರಲು ಮೂರು ಕಾರಣಗಳನ್ನು ಮುಖ್ಯವಾಗಿ ಗುರುತಿಸಬಹುದು. ಮೊದಲನೆಯದು ಮೀಸಲಾತಿಯ ಸರದಿ. ಹುದ್ದೆಗಳು ಕೆಲವೇ ಆಗಿರುವಾಗ ಪ್ರತಿ ಹುದ್ದೆಯೂ ಒಂದು ನಿರ್ದಿಷ್ಟ ವರ್ಗಕ್ಕೆ ಬೀಳುತ್ತದೆ. ಆ ವರ್ಗದಲ್ಲಿ ಕನ್ನಡ ಮಾಧ್ಯಮದ ಅರ್ಹ ಅಭ್ಯರ್ಥಿ ಇಲ್ಲದಿದ್ದರೆ ಹುದ್ದೆ ಖಾಲಿಯಾಗಿಯೇ ಮುಂದಿನ ನೇಮಕಕ್ಕೆ ಸಾಗುತ್ತದೆ. ಇದು ಮೀಸಲಾತಿಯ ದೋಷವಲ್ಲ. ಎಲ್ಲ ವರ್ಗಗಳ ಮಕ್ಕಳನ್ನೂ ಕನ್ನಡದಲ್ಲಿ ಶಿಕ್ಷಕ ತರಬೇತಿಯವರೆಗೆ ಓದಿಸದ ನಮ್ಮ ಸೀಮೆಯ ಕೊರತೆ.

ಎರಡನೆಯದು ಸ್ಥಳೀಯತೆಯ ನಿಯಮ. ಸಂವಿಧಾನದ 371ಡಿ ವಿಧಿ ಮತ್ತು 1975ರ ರಾಷ್ಟ್ರಪತಿ ಆದೇಶದಂತೆ ಹುದ್ದೆಗಳಲ್ಲಿ ಬಹುಪಾಲು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲು. ಸ್ಥಳೀಯರು ಯಾರೆಂಬುದನ್ನು ಹುಟ್ಟಿದ ಊರಿಗಿಂತ ಓದಿದ ಸ್ಥಳದಿಂದ ನಿರ್ಧರಿಸಲಾಗುತ್ತದೆ. ಕನ್ನಡದಲ್ಲಿ ಓದುವ ಆಸೆಯಿಂದ ಸಿರುಗುಪ್ಪಕ್ಕೋ ಬಳ್ಳಾರಿಗೋ ರಾಯಚೂರಿಗೋ ಹೋಗಿ ಹಲವು ವರ್ಷ ಕಲಿತ ನಮ್ಮ ಹುಡುಗಿ, ತನ್ನ ಊರಿನ ಕನ್ನಡ ಶಾಲೆಯ ಹುದ್ದೆಗೆ ಅರ್ಜಿ ಹಾಕುವಾಗ ಹೊರಗಿನವಳಾಗಿ ನಿಲ್ಲಬೇಕಾದೀತು. ಶಿಕ್ಷಕರಾಗಬೇಕೆಂಬ ಮಕ್ಕಳಿರುವ ಮನೆಗಳು ಈ ನಿಯಮವನ್ನು ಮೊದಲೇ ತಿಳಿದು, ಯಾವ ತರಗತಿಗಳನ್ನು ಎಲ್ಲಿ ಓದಿಸಬೇಕೆಂದು ನಿರ್ಧರಿಸಬೇಕು.

ಮೂರನೆಯದು ಹುದ್ದೆಯ ರೂಪಾಂತರ. ಕನ್ನಡ ಶಿಕ್ಷಕರು ನಿವೃತ್ತರಾದಾಗ ಅಥವಾ ವರ್ಗವಾದಾಗ ತಾತ್ಕಾಲಿಕ ವ್ಯವಸ್ಥೆಯೆಂದು ತೆಲುಗು ಮಾಧ್ಯಮದವರನ್ನು ಕಳುಹಿಸಿದರೆ, ತಾತ್ಕಾಲಿಕವೇ ವರುಷ ಕಳೆದಂತೆ ಶಾಶ್ವತವಾಗುತ್ತದೆ. ನಮ್ಮ ಕಣ್ಣೆದುರೇ ಒಂದು ಹಳ್ಳಿಯ ಶಾಲೆಯಲ್ಲಿ ಹೀಗಾಯಿತು. ಬಂದ ಶಿಕ್ಷಕರು ಒಳ್ಳೆಯವರು, ಶ್ರಮಜೀವಿಗಳು; ಕನ್ನಡ ಅಕ್ಷರ ಮಾತ್ರ ಅವರಿಗೆ ಬಾರದು. ಮೊದಲ ವರ್ಷ ಮಕ್ಕಳು ಕನ್ನಡ ಪುಸ್ತಕವಿಟ್ಟುಕೊಂಡು ತೆಲುಗು ಪಾಠ ಕೇಳಿದರು. ಎರಡನೆಯ ವರ್ಷ ಹೊಸ ಮಕ್ಕಳಿಗೆ ತೆಲುಗು ಪುಸ್ತಕವೇ ಬಂತು. ಮೂರನೆಯ ವರ್ಷ ಕನ್ನಡದ ಹಾಜರಿ ಪುಸ್ತಕವನ್ನು ಬರೆಯುವ ಅಗತ್ಯವೇ ಬೀಳಲಿಲ್ಲ. ನಾವು ಪ್ರತಿಭಟಿಸಲು ಹುಡುಕಿದ ಆದೇಶ ಎಲ್ಲೂ ಸಿಗಲಿಲ್ಲ, ಏಕೆಂದರೆ ಆದೇಶ ಹೊರಟೇ ಇರಲಿಲ್ಲ. ಮೊದಲ ವರ್ಷ ನಾವು ಒಂದು ಅರ್ಜಿಯನ್ನಾದರೂ ಬರೆದಿದ್ದರೆ ಎಂಬ ಕೊರಗು ಇಂದಿಗೂ ಇದೆ.

ವಿಲೀನದ ವರ್ಷಗಳು

2022ರ ಜೂನ್‌ನಲ್ಲಿ ಹೊರಟ 117ನೆಯ ಸಂಖ್ಯೆಯ ಸರ್ಕಾರಿ ಆದೇಶ ರಾಜ್ಯದ ಶಾಲೆಗಳನ್ನು ಮರುಜೋಡಣೆ ಮಾಡಿತು. ಅದರ ಪ್ರಕಾರ 3, 4, 5ನೆಯ ತರಗತಿಗಳನ್ನು ಸಮೀಪದ ಪ್ರೌಢಶಾಲೆಗಳಿಗೆ ಸೇರಿಸಿ, ಹಲವು ಹಳ್ಳಿ ಶಾಲೆಗಳಲ್ಲಿ ಮೊದಲೆರಡು ತರಗತಿಗಳನ್ನು ಮಾತ್ರ ಉಳಿಸುವ ಕ್ರಮ ಬಂತು. 2025ರಲ್ಲಿ ಆ ವ್ಯವಸ್ಥೆಯನ್ನು ಕೈಬಿಟ್ಟು, ತರಗತಿಗೊಬ್ಬ ಶಿಕ್ಷಕರಿರುವ ಮಾದರಿ ಪ್ರಾಥಮಿಕ ಶಾಲೆಗಳೂ ಸೇರಿದಂತೆ ಹೊಸ ವರ್ಗೀಕರಣ ತರಲಾಯಿತು.

ಸರ್ಕಾರ ಬದಲಾದಂತೆ ಆದೇಶ ಬದಲಾಗುತ್ತದೆ. ಮತ್ತೊಂದು ವಿಲೀನದ ಪಟ್ಟಿ ಮುಂದೆಯೂ ಬರಬಹುದು. ಪಟ್ಟಿ ಬಂದಾಗ ಎಲ್ಲರೂ ಕೇಳುವ ಪ್ರಶ್ನೆ ದೂರ ಎಷ್ಟು ಎಂಬುದು. ಕನ್ನಡ ಮಾಧ್ಯಮದ ಪೋಷಕರು ಅದರೊಡನೆ ಇನ್ನೊಂದನ್ನು ಕೇಳಬೇಕು: ಸೇರಿಸಲಿರುವ ಶಾಲೆಯಲ್ಲಿ ಕನ್ನಡ ವಿಭಾಗ ಇದೆಯೇ, ಅದಕ್ಕೆ ಶಿಕ್ಷಕರಿದ್ದಾರೆಯೇ? ಅರ್ಧ ಮೈಲಿ ದೂರದ ಶಾಲೆಯಾದರೂ ಅಲ್ಲಿ ಕನ್ನಡವಿಲ್ಲದಿದ್ದರೆ ಮೂರನೆಯ ತರಗತಿಯ ಮಗುವಿಗೆ ಅದು ಮತ್ತೆ ಒಂದನೆಯ ತರಗತಿ.

ಇಂಗ್ಲಿಷ್ ಮಾಧ್ಯಮ ಮತ್ತು ಪೋಷಕರ ಆಯ್ಕೆ

2019ರ ನವೆಂಬರ್‌ನಲ್ಲಿ ಆಂಧ್ರ ಸರ್ಕಾರ ಒಂದರಿಂದ ಆರನೆಯ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮ ತರಲು 81 ಮತ್ತು 85ನೆಯ ಸಂಖ್ಯೆಯ ಆದೇಶಗಳನ್ನು ಹೊರಡಿಸಿತು. 2020ರ ಏಪ್ರಿಲ್ 15ರಂದು ರಾಜ್ಯದ ಉಚ್ಚ ನ್ಯಾಯಾಲಯ ಅವುಗಳನ್ನು ರದ್ದುಪಡಿಸಿತು. ಆದರೂ ಇಂಗ್ಲಿಷ್ ಮಾಧ್ಯಮದ ಕಡೆಗಿನ ಒಲವು ನಿಲ್ಲಲಿಲ್ಲ. ಅದಕ್ಕೆ ಪೋಷಕರನ್ನು ದೂಷಿಸುವುದು ಸರಿಯಲ್ಲ. ಮಗಳು ತನ್ನಂತೆ ಬಿಸಿಲಿನಲ್ಲಿ ಹತ್ತಿ ಬಿಡಿಸಬಾರದೆಂದು ಬಯಸುವ ತಾಯಿಗೆ ಇಂಗ್ಲಿಷ್ ಒಂದು ಬಾಗಿಲಾಗಿ ಕಾಣುತ್ತದೆ. ಆಕೆಗೆ ನಾವು ಕೊಡಬೇಕಾದದ್ದು ಉಪದೇಶವಲ್ಲ. ಕನ್ನಡದಲ್ಲಿ ನಿರಾಯಾಸವಾಗಿ ಓದಲು ಕಲಿತ ಮಗು ಇಂಗ್ಲಿಷನ್ನೂ ಗಟ್ಟಿಯಾಗಿ ಕಲಿಯುವ ತರಗತಿ. ಇಂಗ್ಲಿಷ್ ಪಾಠ ದುರ್ಬಲವಾಗಿರುವ ಕನ್ನಡ ಶಾಲೆಯನ್ನು ಅಭಿಮಾನದ ಮಾತಿನಿಂದ ಉಳಿಸಲಾಗದು.

ಆಯ್ಕೆ ಯಾರದೆಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯ 2014ರ ಮೇ 6ರಂದು ಉತ್ತರ ಕೊಟ್ಟಿದೆ. ಕರ್ನಾಟಕ ಸರ್ಕಾರದ ಮಾಧ್ಯಮ ನೀತಿಯ ವ್ಯಾಜ್ಯದಲ್ಲಿ ಸಂವಿಧಾನ ಪೀಠವು, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ರಾಜ್ಯ ಹೇರುವಂತಿಲ್ಲ, ಆಯ್ಕೆ ಮಗುವಿನ ಪರವಾಗಿ ಪೋಷಕರದೆಂದು ತೀರ್ಪಿತ್ತಿತು. ಕರ್ನಾಟಕದ ಒಳಗೆ ಈ ತೀರ್ಪನ್ನು ಕನ್ನಡಕ್ಕೆ ಬಿದ್ದ ಪೆಟ್ಟೆಂದು ಕಂಡವರು ಹಲವರು. ಗಡಿಯ ಈಚೆ ನಿಂತ ನಮಗೆ ಅದರ ಇನ್ನೊಂದು ಮುಖವೂ ಕಾಣುತ್ತದೆ. ಪೋಷಕರ ಆಯ್ಕೆಗೆ ಬೆಲೆಯಿದ್ದರೆ ಕನ್ನಡವನ್ನು ಆಯ್ದುಕೊಂಡ ಪೋಷಕರ ಮಾತಿಗೂ ಅಷ್ಟೇ ಬೆಲೆಯಿರಬೇಕು. ಆ ಆಯ್ಕೆ ಬರಹದಲ್ಲಿರಬೇಕು, ಅಷ್ಟೆ.

ಸಾಧನೆಯನ್ನು ಓದುವ ಬಗೆ

2011ರ ಜನಗಣತಿಯಲ್ಲಿ ಅವಿಭಜಿತ ಕರ್ನೂಲು ಜಿಲ್ಲೆಯ ಸಾಕ್ಷರತೆ ಶೇ. 59.97, ಮಹಿಳೆಯರಲ್ಲಿ ಶೇ. 49.78. ಅಂದಿನ ಅವಿಭಜಿತ ಆಂಧ್ರಪ್ರದೇಶದ ಸರಾಸರಿ ಶೇ. 67.02. 2024ರ ಹತ್ತನೆಯ ತರಗತಿ ಫಲಿತಾಂಶದಲ್ಲಿ ರಾಜ್ಯದ ಸರಾಸರಿ ಶೇ. 86.69 ಇದ್ದಾಗ ಕರ್ನೂಲು ಜಿಲ್ಲೆ ಶೇ. 62.47 ಪಡೆದು ಕಡೆಯ ಸ್ಥಾನದಲ್ಲಿತ್ತು. ಮೊದಲ ಸ್ಥಾನದ ಪಾರ್ವತೀಪುರಂ ಮನ್ಯಂ ಜಿಲ್ಲೆಯದು ಶೇ. 96.37. ಮನ್ಯಂ ಗುಡ್ಡಗಾಡಿನ ಬುಡಕಟ್ಟು ಜನರ ಜಿಲ್ಲೆ ಎಂಬುದನ್ನು ನೆನೆದರೆ, ಬಡತನವೊಂದನ್ನೇ ಕಾರಣವಾಗಿ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ನಮ್ಮ ಸೀಮೆಯ ಒಂದು ಕಾರಣ ಎಲ್ಲರಿಗೂ ಗೊತ್ತಿರುವ ಸುಗ್ಗಿಯ ವಲಸೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ ಮೊದಲಾದ ಮಂಡಲಗಳ ಕುಟುಂಬಗಳು ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನ ಕಡೆಗೆ, ಕಟ್ಟಡ ಕೆಲಸಕ್ಕೆ ಬೆಂಗಳೂರಿನ ಕಡೆಗೆ ಹೋಗುತ್ತವೆ; ಮಕ್ಕಳೂ ಜೊತೆಗೆ ಹೋಗುತ್ತಾರೆ. ಜೂನ್‌ನಲ್ಲಿ ಹೆಸರು ಇರುತ್ತದೆ, ಜನವರಿಯಲ್ಲಿ ಮಗು ಇರುವುದಿಲ್ಲ. ಇದಕ್ಕಾಗಿಯೇ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಹಂಗಾಮಿ ವಸತಿ ಕೇಂದ್ರಗಳ ಅವಕಾಶವಿದೆ. ಊರಿನಿಂದ ಎಷ್ಟು ಮಕ್ಕಳು ಹೊರಡಲಿದ್ದಾರೆಂಬ ಪಟ್ಟಿಯನ್ನು ನಿರ್ವಹಣಾ ಸಮಿತಿ ದಸರೆಯ ಹೊತ್ತಿಗೇ ಕೊಟ್ಟರೆ ಕೇಂದ್ರ ಸಕಾಲಕ್ಕೆ ತೆರೆಯಬಲ್ಲದು. ಗಾಡಿ ಹೊರಟ ಮೇಲೆ ಕೊಟ್ಟ ಪಟ್ಟಿಯಿಂದ ಪ್ರಯೋಜನವಿಲ್ಲ.

ಜಿಲ್ಲೆಯ ಸರಾಸರಿ ಕನ್ನಡ ಮಾಧ್ಯಮದ ಸ್ಥಿತಿಯನ್ನು ತೋರಿಸುವುದಿಲ್ಲ. ಸಾವಿರಾರು ಮಕ್ಕಳ ಲೆಕ್ಕದಲ್ಲಿ ನಮ್ಮ ಮಕ್ಕಳು ಕರಗಿಹೋಗುತ್ತಾರೆ. ಆದ್ದರಿಂದ ಪೋಷಕರು ತಮ್ಮ ಶಾಲೆಯನ್ನು ನಾಲ್ಕು ಪ್ರಶ್ನೆಗಳಿಂದ ಅಳೆಯಬೇಕು. ಕನ್ನಡಕ್ಕೆ ಮಂಜೂರಾದ ಹುದ್ದೆ ಎಷ್ಟು, ಪಾಠ ಮಾಡುತ್ತಿರುವ ಕನ್ನಡ ಶಿಕ್ಷಕರು ಎಷ್ಟು? ಮೂರನೆಯ ತರಗತಿಯ ಮಗು ತಾನು ಹಿಂದೆ ಕಾಣದ ಒಂದು ಕನ್ನಡ ಪುಟವನ್ನು ಓದಿ ಅರ್ಥ ಹೇಳಬಲ್ಲುದೇ? ಜನವರಿಯ ಹಾಜರಿ ಜುಲೈನ ಹಾಜರಿಗೆ ಎಷ್ಟು ಹತ್ತಿರವಿದೆ? ಆರನೆಯ ತರಗತಿಗೆ ಕನ್ನಡದಲ್ಲಿ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೆಯ ತರಗತಿಯನ್ನು ಕನ್ನಡದಲ್ಲೇ ಬರೆದರು? ಕೊನೆಯ ಪ್ರಶ್ನೆಯೇ ಕಠಿಣ. ಹತ್ತು ಮಂದಿ ಬರೆದು ಹತ್ತೂ ಮಂದಿ ಪಾಸಾದರೆ ಫಲಿತಾಂಶ ಶೇ. 100, ಆದರೆ ಆರನೆಯ ತರಗತಿಯಲ್ಲಿ ಅವರು ಮೂವತ್ತು ಮಂದಿ ಇದ್ದಿದ್ದರೆ ಆ ನೂರರ ಅರ್ಥವೇ ಬೇರೆ.

ಆಂಧ್ರದ ಹತ್ತನೆಯ ತರಗತಿ ಪರೀಕ್ಷೆಯಲ್ಲಿ ಕನ್ನಡವು ಪ್ರಥಮ ಭಾಷೆಯಾಗಿಯೂ ಉತ್ತರ ಬರೆಯುವ ಮಾಧ್ಯಮವಾಗಿಯೂ ಅಂಗೀಕೃತ. ಪರೀಕ್ಷೆಗೆ ಹೆಸರು ಕಳುಹಿಸುವ ನಾಮಿನಲ್ ರೋಲ್‌ನಲ್ಲಿ ಮಾಧ್ಯಮದ ಕಂಡಿಕೆ ಸರಿಯಾಗಿದೆಯೇ ಎಂದು ಪೋಷಕರು ನೋಡಿಕೊಳ್ಳಬೇಕು. ವರ್ಷವಿಡೀ ಕನ್ನಡದಲ್ಲಿ ಓದಿದ ಮಗುವಿನ ಕೈಗೆ ಬೇರೆ ಭಾಷೆಯ ಪ್ರಶ್ನೆಪತ್ರಿಕೆ ಬಾರದಿರಲು ಅದೊಂದೇ ಭದ್ರತೆ.

ಗಡಿಯಾಚೆಯಿಂದ ದೊರೆಯುವುದು

ಕರ್ನಾಟಕ ಸರ್ಕಾರ ಈ ಶಾಲೆಗಳನ್ನು ನಡೆಸಲಾರದು, ಶಿಕ್ಷಕರನ್ನು ನೇಮಿಸಲಾರದು. ಅದರ ನೆರವಿಗೆ ಮಿತಿಯಿದೆ. 2010ರಲ್ಲಿ ಆರಂಭವಾದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಭಾಗದ ಕನ್ನಡ ಶಿಕ್ಷಣ ಮತ್ತು ಸಂಸ್ಕೃತಿಯ ಕಾರ್ಯಗಳಿಗೆ ಅನುದಾನ ಕೊಡುತ್ತದೆ.

ವೃತ್ತಿಶಿಕ್ಷಣದ ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ಕಲಮು ಇದೆ. ಆಂಧ್ರಪ್ರದೇಶದ ಮಟ್ಟಿಗೆ ಅದು ಹೆಸರಿಸುವುದು ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ತಾಲೂಕುಗಳನ್ನು. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ನಂದವರ, ಕೌತಾಳಂ, ಹೊಳಗುಂದ ಎಂಬ ಮಂಡಲಗಳ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ಆದ್ದರಿಂದ ಪ್ರಮಾಣಪತ್ರ ಪಡೆಯುವಾಗ ಊರು ಹಳೆಯ ಯಾವ ತಾಲೂಕಿಗೆ ಸೇರಿತ್ತೆಂಬುದನ್ನೂ ನಮೂದಿಸುವಂತೆ ತಹಸೀಲ್ದಾರರನ್ನು ಕೋರುವುದು ಒಳಿತು. ಅಲ್ಲಿಯೂ ಮತ್ತೆ ಕೇಳುವುದು ಮಾತೃಭಾಷೆಯನ್ನೇ. ಒಂದನೆಯ ತರಗತಿಯ ದಾಖಲೆಯಲ್ಲಿ ತೆಲುಗು ಎಂದು ಬಿದ್ದಿದ್ದರೆ ಹನ್ನೆರಡು ವರ್ಷಗಳ ನಂತರ ಅದನ್ನು ತಿದ್ದಿಸುವುದು ಸುಲಭವಲ್ಲ.

ಪೋಷಕರು ಮಾಡಬೇಕಾದದ್ದು

ಪ್ರವೇಶದ ಸಮಯದಲ್ಲಿ ಮಾತೃಭಾಷೆ ಮತ್ತು ಮಾಧ್ಯಮದ ಕಂಡಿಕೆಗಳನ್ನು ಸ್ವತಃ ತುಂಬಬೇಕು, ಅಥವಾ ತುಂಬಿದ್ದನ್ನು ಓದಿಸಿ ಕೇಳಿ ಸಹಿ ಮಾಡಬೇಕು. ಅಕ್ಷರ ಬಾರದ ತಾಯಿಗೆ ನೆರೆಯ ಮನೆಯ ಓದುಬಲ್ಲ ಮಗಳೇ ಸಾಕ್ಷಿಯಾಗಲಿ.

ಶಾಲೆ ತೆರೆಯುವ ಮುನ್ನ ಕನ್ನಡ ಮಾಧ್ಯಮ ಬಯಸುವ ಮನೆಗಳ ಪಟ್ಟಿಯನ್ನು ಸಹಿಗಳೊಡನೆ ಮುಖ್ಯೋಪಾಧ್ಯಾಯರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳ ಮುಂಗಡ ನೋಂದಣಿಯೂ ರಾಜ್ಯಗಳು ಒಪ್ಪಿಕೊಂಡ ಸುರಕ್ಷಾ ಕ್ರಮಗಳಲ್ಲಿ ಒಂದು. ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ನೆರೆಯ ಶಾಲೆಯೊಡನೆ ಹೊಂದಿಸಲೂ ಆ ಪಟ್ಟಿಯೇ ಆಧಾರ.

ಕನ್ನಡ ಶಿಕ್ಷಕರ ಹುದ್ದೆ ಖಾಲಿಯಾದರೆ ಆ ತಿಂಗಳಲ್ಲೇ ಬರೆಯಬೇಕು: ಒಂದು ಪ್ರತಿ ಎಂಇಒ ಅವರಿಗೆ, ಒಂದು ಡಿಇಒ ಅವರಿಗೆ, ಒಂದು ಸೋಮವಾರದ ಅಹವಾಲು ಸ್ವೀಕಾರದಲ್ಲಿ ಜಿಲ್ಲಾಧಿಕಾರಿಗಳಿಗೆ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮಂಜೂರಾದ ಹುದ್ದೆ, ಮಾಧ್ಯಮ, ಖಾಲಿಯಾದ ದಿನಾಂಕಗಳನ್ನು ಕೇಳಬಹುದು. ಆಂಧ್ರದ ನಿಯಮದಂತೆ ಗ್ರಾಮ ಮಟ್ಟದ ಕಚೇರಿಗೆ ಶುಲ್ಕವಿಲ್ಲ, ಮಂಡಲ ಮಟ್ಟಕ್ಕೆ 5 ರೂಪಾಯಿ, ಅದರ ಮೇಲಿನದಕ್ಕೆ 10 ರೂಪಾಯಿ. ಉತ್ತರದ ಗಡುವು 30 ದಿನ. ಅಲ್ಲಿಗೂ ಪರಿಹಾರ ದೊರೆಯದಿದ್ದರೆ ಅದೇ ಕಡತವನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಕಳುಹಿಸಬಹುದು. ಆಯುಕ್ತರು ಶಿಕ್ಷಕರನ್ನು ನೇಮಿಸಲಾರರು. ಆದರೆ ರಾಜ್ಯವನ್ನು ಕೇಳಬಲ್ಲರು, ವರದಿಯಲ್ಲಿ ಬರೆಯಬಲ್ಲರು.

ಈ ಕೆಲಸಗಳಲ್ಲಿ ಯಾವುದಕ್ಕೂ ಜಗಳ ಬೇಕಾಗಿಲ್ಲ. ತೆಲುಗಿನ ನೆರೆಹೊರೆಯವರ ಮಕ್ಕಳೂ ನಮ್ಮ ಮಕ್ಕಳೂ ಒಂದೇ ಅಂಗಳದಲ್ಲಿ ಉಣ್ಣುತ್ತಾರೆ, ಆಡುತ್ತಾರೆ. ತೆಲುಗನ್ನು ನಾವು ಕಲಿಯುತ್ತೇವೆ, ಕಲಿಯಲೂಬೇಕು. ನಾವು ಕೇಳುವುದು ಮಗು ಮೊದಲು ತನ್ನ ಮನೆಯ ಮಾತಿನಲ್ಲಿ ಓದು ಕಲಿಯಲಿ ಎಂಬುದನ್ನಷ್ಟೇ. ಮುಂದಿನ ಜೂನ್‌ನಲ್ಲಿ ಪ್ರವೇಶ ಪತ್ರ ಕೈಗೆ ಬಂದಾಗ ಮಾತೃಭಾಷೆಯ ಕಂಡಿಕೆಯನ್ನು ಒಮ್ಮೆ ನೋಡಿ, ಆಮೇಲೆ ಸಹಿ ಮಾಡಿ ಎಂದು ನಾವು ಕೋರುತ್ತೇವೆ.